ರೈಲು ಓಡಿದರೆ ಸಾಲದು, ನಿಲ್ಲಬೇಕು

ಮೈಸೂರು ಸೀಮೆಯ ಮನೆಗಳಲ್ಲಿ ದಸರೆಗೆ ಗೊಂಬೆ ಕೂರಿಸಿದಾಗ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲೇರಿದರೆ, ಕೆಳಗೆ ನೆಲದ ಮೇಲೆ ಮಕ್ಕಳ ಸಂಸ್ಥಾನ ಶುರುವಾಗುತ್ತದೆ: ರಾಗಿ ಮೊಳಕೆಯ ಪಾರ್ಕು, ಕನ್ನಡಿಯ ಕೆರೆ, ಪ್ಲಾಸ್ಟಿಕ್ ಹುಲಿಗಳ ಮೃಗಾಲಯ, ಕೆಲವು ಮನೆಗಳಲ್ಲಿ ಸೆಲ್ಲು ಹಾಕಿದ ಒಂದು ಆಟಿಕೆ ರೈಲು. ರಟ್ಟಿನ ಸ್ಟೇಷನ್ನೂ ಇರುತ್ತದೆ, ಹಳದಿ ಬೋರ್ಡಿನ ಮೇಲೆ ಊರ ಹೆಸರೂ ಇರುತ್ತದೆ. ರೈಲು ಮಾತ್ರ ಆ ಕಡೆ ಕಣ್ಣೆತ್ತಿಯೂ ನೋಡದೆ, ಸೆಲ್ಲು ಸೋಲುವ ತನಕ ಗಾಣದೆತ್ತಿನಂತೆ ಸುತ್ತುತ್ತಿರುತ್ತದೆ. ಗಾಣದೆತ್ತು ಸುತ್ತಿದರೆ ಎಣ್ಣೆಯಾದರೂ ಬರುತ್ತದೆ. ನಿಲ್ದಾಣದಲ್ಲಿ ನಿಲ್ಲದ ರೈಲಿಗೂ ಬುಗುರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಯಾರ ಕೈಯೂ ಸೋಕದೆ ಆ ರೈಲು ರಟ್ಟಿನ ಪ್ಲಾಟ್‌ಫಾರ್ಮಿಗೆ ಬಂದು, ಅರ್ಧ ನಿಮಿಷ ನಿಂತು, ತಾನಾಗಿ ಹೊರಡುವಂತೆ ಮಾಡಿ ಎಂದು ಮಕ್ಕಳಿಗೆ ಹೇಳಿದರೆ ಏನಾಗುತ್ತದೆ? ನೋಡಲು ಇದು ಒಂದು ಸಂಜೆಯ ಕೆಲಸ. ಆದರೆ ನಮ್ಮ ಶಾಲೆಗಳು ತಂತ್ರಜ್ಞಾನದ ಹೆಸರಿನಲ್ಲಿ ಈಗ ಕೊಡುತ್ತಿರುವ ಬಹುಪಾಲು ಚಟುವಟಿಕೆಗಳಿಗಿಂತ ಈ ಒಂದು ಕೆಲಸ ಹೆಚ್ಚು ಕಲಿಸುತ್ತದೆ ಎನ್ನುವುದು ನನ್ನ ವಾದ.

ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಅಟಲ್ ಇನ್ನೋವೇಷನ್ ಮಿಷನ್ ಅಡಿಯಲ್ಲಿ ಈವರೆಗೆ ದೇಶದ ಸುಮಾರು 10,000 ಶಾಲೆಗಳಿಗೆ ಟಿಂಕರಿಂಗ್ ಲ್ಯಾಬ್ ಬಂದಿದೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಸರ್ಕಾರಿ ಶಾಲೆಗಳಲ್ಲಿ ಐದು ವರ್ಷಗಳೊಳಗೆ ಇನ್ನೂ 50,000 ಲ್ಯಾಬ್ ತೆರೆಯುವುದಾಗಿ 2025ರ ಬಜೆಟ್ ಘೋಷಿಸಿತು. ದುಡ್ಡಿದೆ, ಕೋಣೆಯಿದೆ, ಪೆಟ್ಟಿಗೆಗಟ್ಟಲೆ ಸೆನ್ಸರ್‌ಗಳಿವೆ. ಹಾಗಿದ್ದೂ ವಿಜ್ಞಾನ ಮೇಳಗಳಲ್ಲಿ ಎದುರಾಗುವುದು ಬಹುಮಟ್ಟಿಗೆ ಅದೇ ಕಪ್ಪು ಗೆರೆ ಹಿಂಬಾಲಿಸುವ ರೋಬೋ, ಅದೇ ಅಡ್ಡಿ ಕಂಡರೆ ತಿರುಗುವ ಗಾಡಿ. ಕಿಟ್ಟಿನ ಜೊತೆ ಬಂದ ಪ್ರೋಗ್ರಾಮನ್ನು ಸುರಿದರೆ ಗಾಡಿ ಓಡುತ್ತದೆ. ಓಡಿದ ಕೂಡಲೇ ಚಪ್ಪಾಳೆ. ಆ ಗಾಡಿ ಎಲ್ಲಿ ನಿಲ್ಲಬೇಕಿತ್ತು ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಅದಕ್ಕೆ ಹೋಗಬೇಕಾದ ಊರೇ ಇಲ್ಲ. ರೈಲಿಗೆ ಊರಿದೆ, ವೇಳೆಯಿದೆ, ಹಿಂದಿನಿಂದ ಬರುತ್ತಿರುವ ಇನ್ನೊಂದು ರೈಲಿದೆ. ತಪ್ಪಿದ್ದು ತಪ್ಪಿದೆ ಎಂದು ನೋಡುವವರಿಗೆಲ್ಲ ಗೊತ್ತಾಗುತ್ತದೆ. ಇಂಜಿನ್ ಪ್ಲಾಟ್‌ಫಾರ್ಮ್ ದಾಟಿ ಒಂದು ಗೇಣು ಮುಂದೆ ಹೋಗಿ ನಿಂತರೆ ಆರನೇ ಕ್ಲಾಸಿನ ಹುಡುಗಿಯೂ ಅದನ್ನು ಸರಿಯೆಂದು ಒಪ್ಪುವುದಿಲ್ಲ.

ಮಾದರಿ ರೈಲಿನ ಹವ್ಯಾಸಿಗಳು ಬಹಳ ಹಿಂದಿನಿಂದ ಬಳಸುತ್ತಿರುವ ಸುಲಭದ ದಾರಿಯೊಂದಿದೆ. ಮಾದರಿ ಹಳಿಯ ಎರಡು ಕಂಬಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ನೇರ ವಿದ್ಯುತ್ ಹರಿಯುತ್ತದೆ. ಚಕ್ರಗಳ ಮೂಲಕ ಅದು ಮೋಟಾರಿಗೆ ಮುಟ್ಟುತ್ತದೆ. ಪ್ಲಾಟ್‌ಫಾರ್ಮಿನ ಎದುರಿಗೆ ಒಂದು ಕಂಬಿಯನ್ನು ಎರಡು ಕಡೆ ಕತ್ತರಿಸಿ, ಸಂದುಗಳಿಗೆ ಪ್ಲಾಸ್ಟಿಕ್ ಜೋಡಣೆ ಕೊಟ್ಟರೆ ಅಷ್ಟುದ್ದದ ಹಳಿ ಕರೆಂಟಿಲ್ಲದ ದ್ವೀಪವಾಗುತ್ತದೆ. ಇಂಜಿನ್ ಅಲ್ಲಿಗೆ ಬಂದರೆ ನಿಲ್ಲುತ್ತದೆ, ರಿಲೇ ಸ್ವಿಚ್ಚೊಂದು ಅರ್ಧ ನಿಮಿಷದ ನಂತರ ಕರೆಂಟು ಕೊಟ್ಟರೆ ಹೊರಡುತ್ತದೆ. ಇಲ್ಲಿಗೆ ಮುಗಿಯಿತೆಂದುಕೊಂಡವರಿಗೆ ಮೊದಲ ಪಾಠ ಇಲ್ಲೇ ಕಾದಿದೆ: ರೈಲು ನಿಲ್ಲುವುದಿಲ್ಲ, ಗೋಡೆಗೆ ಗುದ್ದಿದ ಹಾಗೆ ಗಕ್ಕೆನ್ನುತ್ತದೆ. ನಿಜವಾದ ರೈಲಿನ ಹಿಂದೆ ನೂರಾರು ಟನ್ ಭಾರದ ಓಘವಿದೆ; ಅಂಗೈ ಮೇಲೆ ಕೂರುವ ಇಂಜಿನ್ನಿಗೆ ಅದಿಲ್ಲ. ಹಾಗಾದರೆ ಎಷ್ಟು ದೂರದಿಂದ ವೇಗ ಇಳಿಸುತ್ತ ಬರಬೇಕು? ಇದು ಒಂಬತ್ತನೇ ತರಗತಿಯ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಪ್ರತಿ ಸೆಕೆಂಡಿಗೆ ಒಂದು ಮೀಟರಿನಂತೆ ವೇಗ ತಗ್ಗಿಸಿದರೆ ರೈಲು ನಿಲ್ಲಲು 139 ಮೀಟರ್ ಬೇಕು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಮಾದರಿಯ ಅಳತೆ 1:87. ಆ ಲೆಕ್ಕಕ್ಕೆ ಇಳಿಸಿದರೆ ಒಂದು ಮೀಟರ್ 60 ಸೆಂಟಿಮೀಟರ್, ಅಂದರೆ ಮೇಜಿನ ಒಂದು ಬದಿಯಷ್ಟು ಉದ್ದ. ಪಠ್ಯಪುಸ್ತಕದಲ್ಲಿ ವೇಗೋತ್ಕರ್ಷದ ಸೂತ್ರ ಅಂಕ ತರುತ್ತದೆ; ಇಲ್ಲಿ ಅದು ಕಂಬಿಯನ್ನು ಎಲ್ಲಿ ಕತ್ತರಿಸಬೇಕೆಂದು ತಿಳಿಸುತ್ತದೆ. ತಪ್ಪು ಜಾಗದಲ್ಲಿ ಕತ್ತರಿಸಿದರೆ ಕಂಬಿ ಹೋಯಿತು.

ಇದಕ್ಕಿಂತ ಅಗ್ಗದ ದಾರಿಯೂ ಇದೆ, ಆದರೆ ಕೀಟಲೆ ಅದರಲ್ಲೇ ಹೆಚ್ಚು. ಕಂಬಿಯಲ್ಲಿ ಕರೆಂಟೇ ಇಲ್ಲದ, ಹೊಟ್ಟೆಯಲ್ಲಿ ಸೆಲ್ಲಿಟ್ಟುಕೊಂಡು ಓಡುವ ಸಂತೆಯ ರೈಲನ್ನೇ ತೆಗೆದುಕೊಳ್ಳಿ. ಇಂಜಿನ್ನಿನ ಅಡಿಗೆ ಒಂದು ರೀಡ್ ಸ್ವಿಚ್ಚು, ಪ್ಲಾಟ್‌ಫಾರ್ಮಿನ ಎದುರು ಹಳಿಗಳ ನಡುವೆ ಒಂದು ಅಯಸ್ಕಾಂತ. ಸ್ವಿಚ್ಚಿನ ಗಾಜಿನ ಕೊಳವೆಯೊಳಗಿನ ಎರಡು ಲೋಹದ ಎಸಳುಗಳು ಅಯಸ್ಕಾಂತದ ಮೇಲೆ ಬಂದಾಗ ಒಂದನ್ನೊಂದು ಮುಟ್ಟುತ್ತವೆ. ಆ ಸ್ಪರ್ಶವನ್ನು 555 ಎಂಬ ಟೈಮರ್ ಚಿಪ್ಪಿಗೆ ಕೊಡಬೇಕು. 1970ರ ದಶಕದ ಆರಂಭದಿಂದ ಮಾರುಕಟ್ಟೆಯಲ್ಲಿರುವ ಈ ಚಿಪ್ಪು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಕಾಫಿಯ ದುಡ್ಡಿಗೆ ಸಿಗುತ್ತದೆ. ಒಂದು ಲಕ್ಷ ಓಮಿನ ರೆಸಿಸ್ಟರು, 100 ಮೈಕ್ರೋಫ್ಯಾರಡ್ ಕೆಪಾಸಿಟರು ಹಾಕಿದರೆ ಸುಮಾರು 11 ಸೆಕೆಂಡು ಲೆಕ್ಕವಿಡುತ್ತದೆ. ಅಷ್ಟು ಹೊತ್ತು ಮೋಟಾರಿನ ಕರೆಂಟು ತಡೆದರೆ ರೈಲು ನಿಂತಿರುತ್ತದೆ. ಕಾಗದದ ಮೇಲೆ ಎಲ್ಲ ಸರಿ. ಹಳಿಯ ಮೇಲೆ ರೈಲು ಬರುತ್ತದೆ, ನಿಲ್ಲುತ್ತದೆ, ಹನ್ನೊಂದು ಸೆಕೆಂಡು ಕಳೆಯುತ್ತದೆ, ಒಂದು ನಿಮಿಷವೂ ಕಳೆಯುತ್ತದೆ, ರೈಲು ಹೊರಡುವುದೇ ಇಲ್ಲ. ಚಿಪ್ಪು ಕೆಟ್ಟಿದೆ ಎಂದು ಬದಲಿಸಿದರೂ ಅಷ್ಟೇ. ಕಾರಣ ಇಂಜಿನ್ನಿನ ಅಡಿಯಲ್ಲೇ ಇದೆ: ರೈಲು ನಿಂತಿರುವುದು ಅಯಸ್ಕಾಂತದ ಮೇಲೆ, ಸ್ವಿಚ್ಚು ಒತ್ತಿದಂತೆಯೇ ಉಳಿದಿದೆ, ‘ನಿಲ್ಲು’ ಎಂಬ ಅಪ್ಪಣೆ ಬರುತ್ತಲೇ ಇದೆ. ಸ್ವಿಚ್ಚಿಗೂ ಚಿಪ್ಪಿಗೂ ನಡುವೆ ಒಂದು ಪುಟ್ಟ ಕೆಪಾಸಿಟರ್ ಸೇರಿಸಿ, ಸಂಕೇತ ಪಡೆಯುವ ಚಿಪ್ಪಿನ ಕಾಲಿನ ವೋಲ್ಟೇಜನ್ನು ಒಂದು ರೆಸಿಸ್ಟರಿನಿಂದ ಮೇಲೆ ಎತ್ತಿ ಹಿಡಿದರೆ, ಸ್ವಿಚ್ಚು ಮುಚ್ಚಿದ ಕ್ಷಣ ಮಾತ್ರ ಒಳಗೆ ಹೋಗುತ್ತದೆ, ಮುಚ್ಚಿಯೇ ಇರುವುದು ಲೆಕ್ಕಕ್ಕೆ ಬರುವುದಿಲ್ಲ. ‘ಬಂದದ್ದು’ ಬೇರೆ, ‘ಇರುವುದು’ ಬೇರೆ. ಕಂಪ್ಯೂಟರ್ ವಿಜ್ಞಾನದ ಪಠ್ಯದಲ್ಲಿ ಈ ವ್ಯತ್ಯಾಸಕ್ಕೆ ಪಾಠಗಳೇ ಮೀಸಲು. ಅಯಸ್ಕಾಂತದ ಮೇಲೆ ಸತ್ಯಾಗ್ರಹ ಹೂಡಿದ ರೈಲನ್ನು ಒಮ್ಮೆ ಕಂಡ ಮಗು ಅದನ್ನು ಮರೆಯಲಾರದು.

ಸೆನ್ಸರ್ ಬದಲಿಸಿದರೆ ತಾಪತ್ರಯವೂ ಬದಲಾಗುತ್ತದೆ, ಅಷ್ಟೇ. ಹಳಿಗೆ ಅಡ್ಡಲಾಗಿ ಅತಿಗೆಂಪು ಬೆಳಕು ಹಾಯಿಸಿ, ಬೆಳಕು ಕಡಿದಾಗ ರೈಲು ಬಂತು ಎಂದು ತಿಳಿಯುವ ಉಪಾಯ ಟಿಂಕರಿಂಗ್ ಲ್ಯಾಬಿನವರಿಗೆ ಚಿರಪರಿಚಿತ. ಆದರೆ ಎರಡು ಬೋಗಿಗಳ ನಡುವಿನ ಸಂದಿನಲ್ಲಿ ಬೆಳಕು ತೂರಿದಾಗಲೆಲ್ಲ ಸರ್ಕಿಟ್ಟು ‘ರೈಲು ಹೋಯಿತು’ ಎನ್ನುತ್ತದೆ, ಮರುಕ್ಷಣ ‘ಇನ್ನೊಂದು ಬಂತು’ ಎನ್ನುತ್ತದೆ. ನಾಲ್ಕು ಬೋಗಿಯ ಒಂದು ರೈಲು ಅದರ ಲೆಕ್ಕದಲ್ಲಿ ಐದು ರೈಲು. ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಬಿದ್ದರೆ ಸೆನ್ಸರಿಗೆ ಕಣ್ಣು ಕತ್ತಲಿಡುತ್ತದೆ. ಬೆಳಿಗ್ಗೆ ಸರಿಯಾಗಿದ್ದದ್ದು ಎರಡು ಗಂಟೆಗೆ ಕೆಡುತ್ತದೆ, ಸಂಜೆಗೆ ತಾನಾಗಿ ಸರಿಹೋಗುತ್ತದೆ. ಸಮಯ ನೋಡಿ ಬ್ರೇಕ್ ಹಾಕೋಣವೆಂದರೆ, ಬೆಳಿಗ್ಗೆ ತಣ್ಣಗಿದ್ದ ಮೋಟಾರು ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಬೇರೆ ವೇಗದಲ್ಲಿ ಓಡುತ್ತದೆ, ಬೋಗಿ ಒಂದು ಹೆಚ್ಚಾದರೆ ಮತ್ತೊಂದು ವೇಗ, ಕಂಬಿಗೆ ಧೂಳು ಹಿಡಿದರೆ ಇನ್ನೊಂದು. ಆದ್ದರಿಂದ ರೈಲು ಎಷ್ಟು ಹೊತ್ತು ಓಡಿತು ಎಂಬುದನ್ನಲ್ಲ, ಈಗ ಎಲ್ಲಿದೆ ಎಂಬುದನ್ನು ನೋಡಬೇಕು. ದೊಡ್ಡ ರೈಲಿನವರೂ ಇದೇ ದಾರಿ ಹಿಡಿದವರು. ಲಂಡನ್ನಿನ ವಿಕ್ಟೋರಿಯಾ ಮಾರ್ಗ 1968ರಲ್ಲಿ ತೆರೆದಾಗ ಅಲ್ಲಿನ ಚಾಲಕನ ಕೆಲಸ ಬಾಗಿಲು ಮುಚ್ಚಿ ಎರಡು ಗುಂಡಿ ಒತ್ತುವುದಾಗಿತ್ತು. ಮುಂದಿನ ನಿಲ್ದಾಣದವರೆಗೆ ಓಡಿ ನಿಲ್ಲುವುದು ರೈಲಿನ ಹೊಣೆ. ಎಲ್ಲಿ ಎಷ್ಟು ವೇಗಕ್ಕೆ ಇಳಿಯಬೇಕೆಂದು ಹಳಿಯ ಗೊತ್ತಾದ ಜಾಗಗಳಿಂದಲೇ ಅದಕ್ಕೆ ಸಂಕೇತ ಸಿಗುತ್ತಿತ್ತು. ಬೆಂಗಳೂರಿನಲ್ಲಿ 2025ರ ಆಗಸ್ಟಿನಲ್ಲಿ ಆರಂಭವಾದ ನಮ್ಮ ಮೆಟ್ರೋದ ಹಳದಿ ಮಾರ್ಗದಲ್ಲಿ ರೈಲು ಮತ್ತು ನಿಯಂತ್ರಣ ವ್ಯವಸ್ಥೆ ರೇಡಿಯೋ ಮೂಲಕ ಸದಾ ಮಾತಾಡಿಕೊಂಡೇ ಇರುತ್ತವೆ. ಉಪಕರಣ ಬದಲಾಗಿದೆ, ಪ್ರಶ್ನೆ ಬದಲಾಗಿಲ್ಲ.

ಇಷ್ಟಾದರೂ ಈ ಪಾಠದ ತಿರುಳಿಗೆ ನಾವಿನ್ನೂ ಬಂದಿಲ್ಲ. ಮೇಲೆ ಹೇಳಿದ ರೀಡ್ ಸ್ವಿಚ್ಚಿನ ಸರ್ಕಿಟ್ಟಿನಲ್ಲಿ ದೊಡ್ಡದೊಂದು ದೋಷ ಉಳಿದಿದೆ, ಅದು ಕೆಲಸ ಮಾಡುವಾಗ ಕಾಣುವುದಿಲ್ಲ. ಸ್ವಿಚ್ಚಿನ ಬೆಸುಗೆ ಬಿಟ್ಟಿತು ಎನ್ನಿ. ಸಂಕೇತ ಬರುವುದಿಲ್ಲ, ಚಿಪ್ಪಿಗೆ ಏನೂ ಗೊತ್ತಾಗುವುದಿಲ್ಲ, ರೈಲು ನಿಲ್ದಾಣವನ್ನು ಸೀಳಿಕೊಂಡು ಹೋಗುತ್ತದೆ. ಅಂದರೆ ಈ ಸರ್ಕಿಟ್ಟು ಕೆಟ್ಟರೆ ಅಪಾಯದ ಕಡೆಗೆ ವಾಲುತ್ತದೆ. ಇದನ್ನು ತಿರುವಿ ಹಾಕಬೇಕು: ತಂತಿಯಲ್ಲಿ ಸದಾ ಕರೆಂಟು ಹರಿಯುತ್ತಿರಲಿ, ಹರಿವು ಕಡಿದರೆ ನಿಲ್ಲು ಎಂದರ್ಥವಿರಲಿ. ಆಗ ಅಯಸ್ಕಾಂತ ಕಡಿದರೂ, ಬೆಸುಗೆ ಬಿಟ್ಟು ಕಡಿದರೂ, ಇಲಿ ಕಚ್ಚಿ ಕಡಿದರೂ ರೈಲು ನಿಲ್ಲುತ್ತದೆ. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕಿಟ್ಟಿನ ಜಾಣತನ ಇದೇ. ಹಳಿಯ ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ರಿಲೇ. ಕಂಬಿಗಳ ಮೂಲಕ ಕರೆಂಟು ಬರುತ್ತಿದ್ದರೆ ರಿಲೇ ಎದ್ದು ನಿಂತು ದಾರಿ ಖಾಲಿ ಎನ್ನುತ್ತದೆ. ರೈಲು ಬಂದರೆ ಅದರ ಗಾಲಿಗಳು ಎರಡೂ ಕಂಬಿಗಳನ್ನು ಕೂಡಿಸಿ ಕರೆಂಟನ್ನು ನುಂಗುತ್ತವೆ. ರಿಲೇ ಬೀಳುತ್ತದೆ, ಸಿಗ್ನಲ್ಲು ಕೆಂಪಾಗುತ್ತದೆ. ಕಂಬಿ ಮುರಿದರೂ ಬ್ಯಾಟರಿ ಸತ್ತರೂ ರಿಲೇ ಬೀಳುವುದೇ. ಅನುಮಾನ ಬಂದರೆ ನಿಲ್ಲು ಎಂಬ ನಿಯಮವನ್ನು ಗುರುತ್ವಾಕರ್ಷಣೆಗೆ ವಹಿಸಿಕೊಟ್ಟಂತೆ! ಈ ನಿಯಮಕ್ಕೆ ಕಲ್ಲು ಹಾಕಲು ಒಂದು ತಂತಿ ಸಾಕು. 1988ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ಲ್ಯಾಪಮ್ ಜಂಕ್ಷನ್ ಬಳಿ ರೈಲುಗಳು ಡಿಕ್ಕಿಯಾಗಿ 35 ಮಂದಿ ಸತ್ತರು. ಸಿಗ್ನಲ್ ವೈರಿಂಗ್ ಬದಲಿಸುವಾಗ ಪೂರ್ತಿ ತೆಗೆಯದೆ ಬಿಟ್ಟ ಹಳೆಯ ತಂತಿಯೊಂದು ಟರ್ಮಿನಲ್ಲಿಗೆ ತಗುಲಿ, ಬೀಳಬೇಕಾದ ರಿಲೇಗೆ ಕರೆಂಟು ಉಣಿಸುತ್ತಿತ್ತು. ರೈಲು ನಿಂತಿದ್ದರೂ ಹಿಂದಿನ ಸಿಗ್ನಲ್ಲು ಕೆಂಪಾಗಲಿಲ್ಲ. 2023ರ ಜೂನ್ 2ರಂದು ಬಾಲಸೋರ್ ಬಳಿ 290ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ದುರಂತದ ತನಿಖೆಯೂ ಸಿಗ್ನಲ್ ಸರ್ಕಿಟ್ಟಿನ ಮಾರ್ಪಾಡಿನಲ್ಲಾದ ಲೋಪಗಳತ್ತಲೇ ಬೊಟ್ಟು ಮಾಡಿತು. ಮೇಜಿನ ಮೇಲಿನ ರೈಲಿಗೂ ಈ ಸಾವುಗಳಿಗೂ ಗಂಟು ಹಾಕುವುದು ಅತಿಯೆನಿಸಬಹುದು. ಆದರೆ ನಾಳೆ ಸಿಗ್ನಲ್ಲಿಗೋ ಲಿಫ್ಟಿಗೋ ಆಸ್ಪತ್ರೆಯ ಯಂತ್ರಕ್ಕೋ ತಂತಿ ಎಳೆಯುವವರು ಇಂದಿನ ಶಾಲೆಗಳಲ್ಲೇ ಕುಳಿತಿದ್ದಾರೆ. ಕೆಟ್ಟಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅವರು ಮೊದಲ ಬಾರಿ ಕೇಳಿಕೊಳ್ಳುವುದು ಎಲ್ಲಿ?

ಮಾದರಿ ರೈಲಿನಿಂದ ದೊಡ್ಡ ವಿದ್ಯೆ ಬಂದದ್ದಕ್ಕೆ ಇತಿಹಾಸದಲ್ಲಿ ಸಾಕ್ಷಿಯುಂಟು. ಅಮೆರಿಕದ ಎಂಐಟಿಯಲ್ಲಿ ವಿದ್ಯಾರ್ಥಿಗಳು 1946ರಲ್ಲಿ ಕಟ್ಟಿಕೊಂಡ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ಬಿನಲ್ಲಿ ಎರಡು ಬಗೆಯ ಜನರಿದ್ದರು. ಒಂದು ಗುಂಪಿಗೆ ಬೋಗಿಗಳ ಬಣ್ಣ, ಬೆಟ್ಟಗುಡ್ಡಗಳ ಚಂದ ಮುಖ್ಯ. ಇನ್ನೊಂದು ಗುಂಪು ಮೇಜಿನ ಅಡಿಯಲ್ಲೇ ಬಿಡಾರ ಹೂಡಿ, ಟೆಲಿಫೋನ್ ಎಕ್ಸ್‌ಚೇಂಜಿನ ಹಳೆಯ ರಿಲೇ, ಸ್ವಿಚ್ಚುಗಳಿಂದ ಯಾವ ರೈಲಿಗೆ ಯಾವ ಹಳಿಯಲ್ಲಿ ಕರೆಂಟು ಸಿಗಬೇಕೆಂದು ತೀರ್ಮಾನಿಸುವ ಜಾಲ ಹೆಣೆಯುತ್ತಿತ್ತು. ಎಂಐಟಿಗೆ ಕೈಗೆ ಸಿಗುವಂಥ ಕಂಪ್ಯೂಟರುಗಳು ಬಂದಾಗ ಮೊದಲು ಮುಗಿಬಿದ್ದವರಲ್ಲಿ ಮೇಜಿನ ಅಡಿಯ ಈ ಮಂದಿಯೇ ಹಲವರು. ಇಂದು ಪತ್ರಿಕೆಗಳು ಕಳ್ಳರಿಗೆ ಬಳಸುವ ‘ಹ್ಯಾಕರ್’ ಪದ ಗೌರವದ ಅರ್ಥದಲ್ಲಿ ಬೆಳೆದದ್ದು ಆ ಬಳಗದಲ್ಲಿ. ಪತ್ರಕರ್ತ ಸ್ಟೀವನ್ ಲೆವಿ 1984ರ ತಮ್ಮ ಪುಸ್ತಕದಲ್ಲಿ ಆ ಕಥೆ ಹೇಳಿದ್ದಾರೆ. ಆರಂಭದ ಕಂಪ್ಯೂಟರ್ ಆಟಗಳಲ್ಲೊಂದಾದ, 1962ರ ‘ಸ್ಪೇಸ್‌ವಾರ್’ ಆಡಲು ಬಳಸಿದ ನಿಯಂತ್ರಣದ ಪೆಟ್ಟಿಗೆಗಳಿಗೂ ಬಿಡಿಭಾಗ ಸಿಕ್ಕಿದ್ದು ರೈಲು ಕ್ಲಬ್ಬಿನ ಗುಜರಿಯಿಂದಲೇ. ಎಂಐಟಿಗೆ ಬಂದವರು ಮೊದಲೇ ಜಾಣರಿರಬೇಕು, ರೈಲು ನೆಪ ಮಾತ್ರ ಎಂದು ವಾದಿಸಬಹುದು. ಇರಲಿ. ಆ ಜಾಣತನಕ್ಕೆ ಹಲ್ಲು ಮೂಡಿಸಲು ಒಂದು ಹಟಮಾರಿ ವಸ್ತು ಬೇಕಿತ್ತು, ಅದು ರೈಲಾಗಿತ್ತು.

ಮೊದಲ ಆಕ್ಷೇಪ ದುಡ್ಡಿನದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ ಎಂದು ಸರ್ಕಾರಿ ಶಾಲೆಯ ಮೇಷ್ಟ್ರು ಕೇಳಿದರೆ ತಪ್ಪಲ್ಲ. ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಇಂಜಿನ್ನೊಂದರ ಬೆಲೆ ಕೇಳಿದರೆ ಮಧ್ಯಮ ವರ್ಗದವರೂ ಹಿಂದೆ ಸರಿಯುತ್ತಾರೆ, ಈ ಹವ್ಯಾಸ ಯುರೋಪು, ಅಮೆರಿಕ, ಜಪಾನಿನ ಅನುಕೂಲಸ್ಥರ ಅಟ್ಟಗಳಲ್ಲಿ ಬೆಳೆದದ್ದೂ ನಿಜ. ಆದರೆ ನಾನು ಕೇಳುತ್ತಿರುವುದು ಆ ಹವ್ಯಾಸವನ್ನಲ್ಲ, ಅದರೊಳಗಿನ ಒಂದು ಲೆಕ್ಕವನ್ನು. ಅದಕ್ಕೆ ಕಂಬಿಯ ಅಂದ, ಬೋಗಿಯ ಅಳತೆ ಬೇಕಿಲ್ಲ; ಜಾತ್ರೆಯ ರೈಲು ಸಾಕು. ಟಿಂಕರಿಂಗ್ ಲ್ಯಾಬಿನಲ್ಲಿ ಈಗಾಗಲೇ ಇರುವ ಆರ್ಡುಯಿನೋ ಬೋರ್ಡನ್ನು ಆಮೇಲೆ ತಂದರಾಯಿತು. ಆಮೇಲೆ ಎನ್ನುವುದನ್ನು ಒತ್ತಿ ಹೇಳುತ್ತೇನೆ: ಮೊದಲು ಕತ್ತರಿ, ಬೆಸುಗೆ ಕಡ್ಡಿ, ರಿಲೇ, ಪ್ರೋಗ್ರಾಮು ಕೊನೆಗೆ. ಕೋಡಿನಲ್ಲಿ ಶುರು ಮಾಡಿದವರು ತಂತಿಯ ತಪ್ಪನ್ನೂ ಕೋಡಿನಲ್ಲೇ ಹುಡುಕುತ್ತ ಕೂರುತ್ತಾರೆ.

ಎಲ್ಲವನ್ನೂ ಪರದೆಯ ಮೇಲೆ ಮಾಡಬಹುದಲ್ಲ ಎಂಬುದು ಎರಡನೆಯ ಆಕ್ಷೇಪ. ಮಾಡಬಹುದು, ಆದರೆ ಪರದೆಯ ಹಳಿಗೆ ಧೂಳು ಕೂರುವುದಿಲ್ಲ, ಕಿಟಕಿಯ ಬಿಸಿಲು ಬೀಳುವುದಿಲ್ಲ. ಕಲಿಸುತ್ತಿದ್ದವರು ಅವೇ. ಇದಕ್ಕಿಂತ ಗಟ್ಟಿಯಾದದ್ದು, ಸಿದ್ಧ ಸಾಧನ ಕೊಂಡರಾಯಿತಲ್ಲ ಎಂಬ ಪ್ರಶ್ನೆ. 1990ರ ದಶಕದಿಂದ ಮಾದರಿ ರೈಲುಗಳಲ್ಲಿ ಡಿಜಿಟಲ್ ನಿಯಂತ್ರಣ ಹರಡಿದೆ. ಪ್ರತಿ ಇಂಜಿನ್ನಿಗೂ ಒಂದು ವಿಳಾಸ, ಕಂಬಿಯಲ್ಲಿ ಸದಾ ಕರೆಂಟು, ಅದರ ಜೊತೆಗೇ ಅಪ್ಪಣೆ. ಇಲ್ಲಿ ನಿಲ್ದಾಣದ ಕರೆಂಟು ಕಡಿದರೆ ಬೋಗಿಯ ದೀಪವೂ ಆರುತ್ತದೆ, ಪ್ರಯಾಣಿಕರನ್ನು ಕತ್ತಲಲ್ಲಿ ಕೂರಿಸಿದ ಹಾಗೆ. ಇದಕ್ಕೆ ಜರ್ಮನಿಯ ಲೆಂಜ್ ಕಂಪನಿ ಕಂಡುಕೊಂಡ ಉಪಾಯ ನೋಡಿ: ನಿಲ್ದಾಣದ ತುಂಡು ಹಳಿಗೆ ನಾಲ್ಕೈದು ಡಯೋಡುಗಳ ಮೂಲಕ ಕರೆಂಟು ಕೊಟ್ಟು, ಆ ಕರೆಂಟಿನ ಅಲೆಯ ಒಂದು ಮಗ್ಗುಲನ್ನು ಇನ್ನೊಂದಕ್ಕಿಂತ ಚೂರು ತಗ್ಗಿಸುವುದು. ಇಂಜಿನ್ನಿನೊಳಗಿನ ಚಿಪ್ಪು ಆ ಓರೆಯನ್ನು ಗುರುತಿಸಿ ಮೆಲ್ಲಗೆ ಬ್ರೇಕ್ ಹಾಕುತ್ತದೆ, ದೀಪ ಉರಿಯುತ್ತಲೇ ಇರುತ್ತದೆ. ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ಮಾಡ್ಯೂಲಿನ ಹೊಟ್ಟೆ ಬಗೆದರೆ ಒಳಗಿರುವುದು ಕೆಲವೇ ರೂಪಾಯಿಯ ಡಯೋಡುಗಳು ಮತ್ತು ಬೆಲೆ ಕಟ್ಟಲಾಗದ ಒಂದು ಯೋಚನೆ. ಕೊಂಡವರಿಗೆ ಡಯೋಡು ಸಿಗುತ್ತದೆ. ಹವ್ಯಾಸಿಗಳು ಸುಮ್ಮನೆ ಕೊಳ್ಳುವವರಲ್ಲ ಎಂಬುದಕ್ಕೂ ಪುರಾವೆಯಿದೆ. ಬರ್ಕ್ಲಿಯ ಭೌತವಿಜ್ಞಾನಿ ರಾಬರ್ಟ್ ಜೇಕಬ್‌ಸನ್ ಮತ್ತು ಸಂಗಡಿಗರು ಮಾದರಿ ರೈಲು ನಡೆಸಲು ರೂಪಿಸಿದ ಜೆಎಂಆರ್‌ಐ ಎಂಬ ಮುಕ್ತ ತಂತ್ರಾಂಶದ ಸುತ್ತ ನಡೆದ ಮೊಕದ್ದಮೆಯಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ 2008ರಲ್ಲಿ, ಮುಕ್ತ ಪರವಾನಗಿಯ ಷರತ್ತು ಮುರಿಯುವುದೂ ಕೃತಿಸ್ವಾಮ್ಯದ ಉಲ್ಲಂಘನೆಯಾಗಬಹುದು ಎಂದಿತು. ಆಟಿಕೆ ರೈಲಿನ ಜಗಳವೊಂದು ಇಡೀ ತಂತ್ರಾಂಶ ಲೋಕಕ್ಕೆ ಕಾನೂನಿನ ಆಸರೆ ಒದಗಿಸಿತು.

ಹವ್ಯಾಸಿಗಳ ನಡುವಿನಿಂದಲೇ ಬರುವ ಆಕ್ಷೇಪ ಇನ್ನೊಂದಿದೆ, ಅದಕ್ಕೆ ನನ್ನಲ್ಲಿ ಅರ್ಧ ಉತ್ತರವಷ್ಟೇ ಇದೆ. ರೈಲು ತಾನೇ ನಿಂತು ತಾನೇ ಹೊರಟರೆ ಆಡುವವರಿಗೆ ಏನುಳಿಯಿತು? ಗುಂಡಿ ತಿರುವುತ್ತ, ಉಸಿರು ಬಿಗಿಹಿಡಿದು, ಬಾಗಿಲನ್ನು ಪ್ಲಾಟ್‌ಫಾರ್ಮಿನ ಗುರುತಿಗೆ ತಂದು ನಿಲ್ಲಿಸುವ ಸುಖವೇ ಸುಖ ಎನ್ನುವವರ ಮಾತನ್ನು ತಳ್ಳಿಹಾಕಲಾರೆ. ಹ್ಯಾಂಬರ್ಗಿನಲ್ಲಿ 2001ರಲ್ಲಿ ತೆರೆದ ಮಿನಿಯೇಚರ್ ವಂಡರ್‌ಲ್ಯಾಂಡಿನಲ್ಲಿ ಸಾವಿರಕ್ಕೂ ಹೆಚ್ಚು ರೈಲುಗಳನ್ನು ಕಂಪ್ಯೂಟರುಗಳು ನಡೆಸುತ್ತವೆ. ಜನ ಸಾಲುಗಟ್ಟಿ ನಿಂತು ನೋಡುತ್ತಾರೆ. ನೋಡಲು ಅದು ಅದ್ಭುತವೇ, ಆದರೆ ನೋಡುವವರು ಬರೀ ನೋಡುಗರು. ಹಾಗಾಗಿ ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿ ಎಂದು ನಾನು ಹೇಳಲಾರೆ. ಸ್ವಯಂಚಾಲಿತ ರೈಲು ಮುಖ್ಯ ಹಳಿಯಲ್ಲಿ ಹೊತ್ತಿಗೆ ಸರಿಯಾಗಿ ಬಂದು ನಿಂತು ಹೋಗುತ್ತಿದ್ದರೆ, ಪಕ್ಕದ ಹಳಿಯಲ್ಲಿ ಗೂಡ್ಸಿನ ಡಬ್ಬಿ ಬಿಚ್ಚಿ ಸೇರಿಸುವ ಕೆಲಸ ಕೈಯಲ್ಲೇ ಇರಲಿ. ಒಂಟಿಯಾಗಿ ಆಡುವ ಹವ್ಯಾಸಿಗೆ ಆಗ ಬೇರೆ ರೈಲುಗಳ ನಡುವೆ ತನ್ನ ರೈಲು ನಡೆಸುವ ಯೋಗ ಬರುತ್ತದೆ. ಇನ್ನು ಶಾಲೆಯ ಮಟ್ಟಿಗೆ ಈ ಆಕ್ಷೇಪ ಅಷ್ಟಾಗಿ ನಾಟುವುದಿಲ್ಲ. ಅಲ್ಲಿ ಆಟವಿರುವುದು ರೈಲು ನಡೆಸುವುದರಲ್ಲಲ್ಲ, ಅದು ಯಾಕೆ ಹೊರಡಲಿಲ್ಲ ಎಂದು ಹುಡುಕುವುದರಲ್ಲಿ.

ಇಷ್ಟಕ್ಕೆ ಹೊಸ ಯೋಜನೆ, ಹೊಸ ಅನುದಾನ ಬೇಕಿಲ್ಲ. ವಿಜ್ಞಾನ ಮೇಳಗಳ ತೀರ್ಪುಗಾರರ ಪಟ್ಟಿಯಲ್ಲಿ ಒಂದು ಸಾಲು ತಿದ್ದಿದರೆ ಸಾಕು. ಈಗ ಅವರು ಮೇಜಿನ ಮುಂದೆ ನಿಂತು, ಮಗು ಗಿಳಿಪಾಠದಂತೆ ಒಪ್ಪಿಸುವ ವಿವರಣೆ ಕೇಳಿ, ಮಾದರಿ ಚಾಲೂ ಆದರೆ ಅಂಕ ಹಾಕಿ ಮುಂದಿನ ಮೇಜಿಗೆ ಹೋಗುತ್ತಾರೆ. ಇನ್ನು ಮೇಲೆ ಅವರು ಒಂದು ನಿಮಿಷ ಹೆಚ್ಚು ನಿಲ್ಲಲಿ. ರೈಲು ಎರಡು ಸುತ್ತು ಸರಿಯಾಗಿ ನಿಂತು ಹೊರಡುವುದನ್ನು ನೋಡಲಿ. ಮೂರನೇ ಸುತ್ತಿಗೆ, ಯಾವ ತಂತಿ ಎಂದು ಮೊದಲೇ ಹೇಳದೆ, ಸೆನ್ಸರಿನ ಒಂದು ತಂತಿಯನ್ನು ಕಿತ್ತುಹಾಕಿ, ರೈಲು ಏನು ಮಾಡುತ್ತದೆಂದು ಮಗುವಿನ ಜೊತೆ ತಾವೂ ಕಾದು ನೋಡಲಿ.